ಸಹಾಯ ಬೇಕು: ಎರೆಮಣ್ಣು ಬಿರುಕು ಬಿಡದಂತೆ ಏನು ಮಾಡಬೇಕು?

ನಮಸ್ಕಾರ್ರಿ. ಕಲಬುರಗಿಯ ಕಾಲೇಜು ಕಲಾ ತರಗತಿಗೆ 2 ಅಡಿ ಚೌಕದ ಉಬ್ಬುಚಿತ್ರ ಮಾಡಬೇಕಿದೆ. ವಿಷಯ ತೊಗರಿ ಹೊಲ. ಅಂಟು ಬಿಟ್ಟರೆ ಉಳಿದದ್ದೆಲ್ಲ ಬಿದ್ದದ್ದು, ಬಿಸಾಕಿದ್ದು ಆಗಿರಬೇಕು.

ಶಹಾಬಾದ್ ಕಲ್ಲನ್ನೇ ತಳ ಮಾಡಿದರೆ 20 ಮಿ.ಮೀ. ದಪ್ಪಕ್ಕೇ ಸುಮಾರು 19 ಕಿಲೋ ತೂಗುತ್ತದೆ, ಗೋಡೆಗೆ ಹಾಕಲಾಗದು. ಹಾಗಾಗಿ ತಳಕ್ಕೆ ಹಳೆಯ ಪ್ಲೈವುಡ್, ಬದುವಿಗೆ ಮಾತ್ರ ಕಲ್ಲಿನ ಚೂರು. ಚೂರುಗಳನ್ನು ತೊಳೆದು ಒಣಗಿಸಿದ್ದರಿಂದ ಗಟ್ಟಿಯಾಗಿ ಹಿಡಿದಿವೆ. ಧೂಳಿದ್ದರೆ ಅಂಟು ಧೂಳಿಗಷ್ಟೇ ಹತ್ತಿ ಕಲ್ಲು ಉದುರುತ್ತದೆ.

ತೊಂದರೆ ಇರುವುದು ಮಣ್ಣಿನಲ್ಲಿ. ಜರಡಿ ಹಿಡಿದ ಎರೆಮಣ್ಣಿಗೆ ಫೆವಿಕಾಲ್ ನೀರು ಕಲಸಿ 8 ಮಿ.ಮೀ. ಬಳಿದರೆ ಎರಡೇ ದಿನಕ್ಕೆ ಬಿರುಕು. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಕೆಳಗಿನ ಹಲಗೆ ಅದರ ಜೊತೆ ಕುಗ್ಗುವುದಿಲ್ಲ. 2 ಪಾಲು ಮಣ್ಣು, 1 ಪಾಲು ಮರಳು, 1 ಪಾಲು ಜೋಳದ ಹೊಟ್ಟು ಹಾಕಿದಾಗ ಬಿರುಕು ಸಣ್ಣದಾಯಿತು, ಆದರೆ ಅಂಚು ಮೇಲೇಳುತ್ತಿದೆ. ಮರಳು ಹೆಚ್ಚಿಸಿದರೆ ಕಪ್ಪು ಬಣ್ಣ ಬೂದಿಯಾಗುತ್ತದೆ. ಬೀದರಿನ ಕೆಂಪು ಮಣ್ಣು ಇಷ್ಟು ಸೀಳುವುದಿಲ್ಲ, ಆದರೆ ತೊಗರಿ ಹೊಲಕ್ಕೆ ಆ ಬಣ್ಣ ಒಪ್ಪುವುದೇ ಇಲ್ಲ.

ಹಲಗೆಗೆ ಮೊದಲು ಗೋಣಿಚೀಲ ಅಂಟಿಸಿ, 2 ಮಿ.ಮೀ.ನಂತೆ ನಾಲ್ಕು ಪದರ ಬಳಿದರೆ ನಿಲ್ಲುತ್ತದೆಯೇ? ಪ್ರತಿ ಪದರ ಪೂರ್ತಿ ಒಣಗಬೇಕೋ, ಹಸಿ ಇರುವಾಗಲೇ ಮುಂದಿನದೋ? ಜಾಲಿ ಗೋಂದು ಬಳಸಿದವರಿದ್ದರೆ ಅಳತೆ ತಿಳಿಸಿ.

ಇನ್ನೊಂದು: ಚಿತ್ರಕ್ಕೆ ಬಳಸುವ ಜೋಳದ ಕಣಕಿಯ (ಒಣ ದಂಟಿನ) ಬೆಂಡಿನಲ್ಲಿ ಹುಳ ಸೇರದಂತೆ ಬಿಸಿಲಲ್ಲದೆ ಬೇರೆ ಉಪಾಯ ಇದೆಯೇನ್ರಿ? ತೊಗರಿ ಕಟ್ಟಿಗೆಗೆ ಆ ಕಾಟ ಕಂಡಿಲ್ಲ.