ಮನೆಯೊಳಗೆ ನೇರಳೆ ಎಲೆ ಗಿಡ ಹಸಿರಾಗುತ್ತಿದೆ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನರ್ಸರಿಗಳಲ್ಲಿ ಪರ್ಪಲ್ ಹಾರ್ಟ್ ಅಂತ ಕೊಡುವ ಗಿಡ ನಿಮ್ಮಲ್ಲಿ ತುಂಬಾ ಜನರ ಹತ್ತಿರ ಇರುತ್ತದೆ ಅಲ್ವಾ? ವೈಜ್ಞಾನಿಕ ಹೆಸರು ಟ್ರಾಡೆಸ್ಕಾನ್ಷಿಯಾ ಪ್ಯಾಲಿಡಾ, ಮೆಕ್ಸಿಕೊ ಮೂಲದ್ದು. ಮೈಸೂರಿನ ನಮ್ಮ ಮನೆಯಲ್ಲಿ ಕಾಂಪೌಂಡ್ ಉದ್ದಕ್ಕೂ ಹಬ್ಬಿಕೊಂಡಿದೆ. ಅಲ್ಲಿ ಅರ್ಧ ದಿನ ಒಳ್ಳೆ ಬಿಸಿಲು. ಎಲೆ ಕಡು ನೇರಳೆ, ಬೆಳಿಗ್ಗೆ ಮೂರು ಎಸಳಿನ ತಿಳಿ ಗುಲಾಬಿ ಹೂವು. ನನಗೆ ಇದು ಬಹಳ ಇಷ್ಟದ ಗಿಡ.

ಅದರದ್ದೇ ತುಂಡುಗಳನ್ನು ಹಾಲ್‌ನಲ್ಲಿ ತೂಗು ಕುಂಡಕ್ಕೆ ಹಾಕಿದ್ದೇನೆ. ಬೇರು ಬೇಗ ಬಂತು. ಆದರೆ ಹೊಸ ಎಲೆಗಳು ಹಸಿರಾಗಿ ಬರುತ್ತಿವೆ. ಗಿಣ್ಣುಗಳ ನಡುವೆ ಅಂತರ ಜಾಸ್ತಿ, ಬುಡದ ಕಡೆ ಬರೀ ಕಡ್ಡಿ. ಬೆಳಕು ಸಾಲದಿದ್ದರೆ ಹೀಗಾಗುತ್ತದೆ ಅನ್ನುವುದು ಗೊತ್ತು. ಕಿಟಕಿಗೆ ಪಕ್ಕದ ಮನೆಯ ಗೋಡೆ ಅಡ್ಡ, ನೇರ ಬಿಸಿಲು ಬರುವುದೇ ಇಲ್ಲ.

ಮನೆಯೊಳಗೆ ಗ್ರೋ ಲೈಟ್ (ಗಿಡ ಬೆಳೆಸಲು ಬಳಸುವ ದೀಪ) ಹಾಕಿ ಬಣ್ಣ ಉಳಿಸಿಕೊಂಡವರು ಇದ್ದೀರಾ? ದಿನಕ್ಕೆ ಎಷ್ಟು ಗಂಟೆ, ಎಷ್ಟು ದೂರದಲ್ಲಿ? ಇಲ್ಲವೇ ಎರಡು ಕುಂಡ ಮಾಡಿ, ಒಂದು ಒಳಗೆ ಒಂದು ಹೊರಗೆ ಅಂತ ಬದಲಾಯಿಸುತ್ತಾ ಇದ್ದರೆ ಸಾಕಾ? ಒಮ್ಮೆಲೇ ಬಿಸಿಲಿಗೆ ಇಟ್ಟರೆ ಎಲೆ ಸುಡಬಹುದು ಅನ್ನುವ ಭಯ ಇದೆ.

ತುದಿ ಚಿವುಟಿದರೆ ಕವಲು ಬರುತ್ತದೆ ಸರಿ, ಉದ್ದ ಬೆಳೆದ ಬಳ್ಳಿಯನ್ನು ಬುಡದವರೆಗೂ ಕತ್ತರಿಸಬಹುದಾ? ಮಳೆಗಾಲದಲ್ಲಿ ಒಳಗಿನ ಕುಂಡಕ್ಕೆ ನೀರು ಎಷ್ಟು ಕಡಿಮೆ ಮಾಡುತ್ತೀರಿ? ಇನ್ನೊಂದು ಮುಖ್ಯ ವಿಷಯ, ಇದರ ರಸ ತಾಗಿದರೆ ಕೆಲವರಿಗೆ ಕೈ ತುರಿಸುತ್ತದೆ. ಮನೆಯಲ್ಲಿ ಬೆಕ್ಕು ಇದೆ, ಎಲೆ ಕಚ್ಚುವ ಅಭ್ಯಾಸ ಬೇರೆ. ಬೆಕ್ಕು ಸಾಕಿರುವವರು ಈ ಗಿಡ ಎಲ್ಲಿ ಇಟ್ಟಿದ್ದೀರಿ? ಫೋಟೋ ಹಾಕಿದರೆ ತುಂಬಾ ಉಪಕಾರ.