ಪದ ಬೇಕು: ಆಸ್ತಿ ತೆರಿಗೆಯ ‘ವ್ಯಾಲ್ಯುಯೇಷನ್’ ತಪ್ಪಾಗಿದೆ ಅನ್ನೋದಕ್ಕೆ (ತುರ್ತು)

ಅಕ್ಷರಜೋಡಣೆ:
ಎಲ್ಲರಿಗೂ ನಮಸ್ಕಾರ. ನಮ್ಮ ಭಾವನವರ ಪ್ರಿಂಟಿಂಗ್ ಅಂಗಡಿಗೆ ತೆರಿಗೆ ನೋಟಿಸ್ ಬಂದಿದೆ. ಅಂಗಡಿ 460 ಚದರಡಿ. ಮೇಲೆ ಕಾಗದದ ರೀಮು ಇಡುವ 180 ಚದರಡಿಯ ಅಟ್ಟ ಇದೆ, ಬಗ್ಗಿಕೊಂಡೇ ಓಡಾಡಬೇಕು. ಅದನ್ನೂ ಮಹಡಿ ಅಂತ ಹಿಡಿದು 640 ಚದರಡಿಗೆ ತೆರಿಗೆ ಹಾಕಿದ್ದಾರೆ. ಆಡಿಟರ್ ಇಂಗ್ಲಿಷಿನಲ್ಲಿ ಬರೆದ ಅರ್ಜಿಯನ್ನು ನಾನು ಕನ್ನಡಕ್ಕೆ ತರಬೇಕು. ನಾಳೆ ಹನ್ನೊಂದು ಗಂಟೆಗೆ ಕೊಡಬೇಕು. ‘ಮೌಲ್ಯಮಾಪನವನ್ನು ಸವಾಲು ಮಾಡುತ್ತೇವೆ’ ಎಂದು ಬರೆದೆ. ಓದಿದರೆ ನನಗೇ ಒಂಥರಾ ಅನ್ನಿಸುತ್ತಿದೆ.

ಅಚ್ಚಗನ್ನಡ:
ಮೌಲ್ಯಮಾಪನ ಎಸ್ಸೆಸ್ಸೆಲ್ಸಿ ಉತ್ತರಪತ್ರಿಕೆಗೆ ಇರಲಿ, ಬಿಡಿ. ‘ಬೆಲೆಕಟ್ಟು’ ಎಂಬ ನಮ್ಮದೇ ಮಾತಿದೆ. ತೆರು ಎಂಬುದರಿಂದ ತೆರಿಗೆ ಆಗಿದೆ. ಹಾಗೇ ಬೆಲೆಕಟ್ಟಿಗೆ.

ಹುಬ್ಬಳ್ಳಿಯವ:
ಬೆಲೆಕಟ್ಟಿಗೆ ಅಂದರೆ ಸೌದೆ ಡಿಪೋ ಬೋರ್ಡು ಆಗುತ್ತದೆ ರೀ. ಇನ್ನು ‘ಸವಾಲು’. ನಮ್ಮ ಕಡೆ ಲಿಲಾವಿನಲ್ಲಿ ಕೂಗುವುದು ಸವಾಲು. ಓದಿದವರು ನಿಮ್ಮ ಅಂಗಡಿಯೇ ಹರಾಜಿಗೆ ಬಂದಿದೆ ಅಂದುಕೊಂಡಾರು. ‘ತಕರಾರು ಅರ್ಜಿ’ ಅಂತ ಬರೆಯಿರಿ. ಎಲ್ಲರಿಗೂ ತಿಳಿಯುತ್ತದೆ.

ನಿವೃತ್ತ ಗುಮಾಸ್ತ:
ಪುರಸಭೆಯ ಕಂದಾಯ ಶಾಖೆಯಲ್ಲಿ ಕೂತಿದ್ದವನು ನಾನು. ‘ವ್ಯಾಲ್ಯುಯೇಷನ್’ಗೆ ಪದವೇ ಬೇಡ ತಾಯಿ. ಬೆಂಗಳೂರಿನಲ್ಲಿ 2008ರಿಂದ ವಲಯ ನೋಡಿ ಚದರಡಿಗೆ ಇಷ್ಟು ಅಂತ ದರ. ಬೇರೆ ಊರುಗಳಲ್ಲಿ ಮಾರ್ಗಸೂಚಿ ಬೆಲೆ ಹಿಡಿದು, ಕಟ್ಟಡದ ಸವಕಳಿ ಕಳೆದು ಲೆಕ್ಕ. ಆ ಮಾರ್ಗಸೂಚಿ ಬೆಲೆ ನೋಂದಣಿ ಮತ್ತು ಮುದ್ರಾಂಕ ಇಲಾಖೆಯದು. ತೆರಿಗೆ ಕಚೇರಿಯವರಿಗೆ ‘ಬೆಲೆ ತಪ್ಪು’ ಅಂದರೆ ‘ನಮ್ಮ ಕೈಲಿಲ್ಲ’ ಅಂತ ಕಳಿಸುತ್ತಾರೆ. ನಿಮ್ಮಲ್ಲಿ ತಪ್ಪಿರುವುದು ಬೆಲೆ ಅಲ್ಲ, ಅಳತೆ. ಅದನ್ನೇ ಬರೆಯಿರಿ.

ಆಡಿಟರು ಅಟ್ಟಕ್ಕೆ ಏನು ಬರೆದಿದ್ದಾರೆ?

ಅಕ್ಷರಜೋಡಣೆ:
‘ಮೆಜನೈನ್ ಫ್ಲೋರ್’ ಅಂತ ಇದೆ ಸಾರ್.

ನಿವೃತ್ತ ಗುಮಾಸ್ತ:
ನೋಡಿದಿರಾ! ಫ್ಲೋರ್ ಅಂತ ನೀವೇ ಬರೆದುಕೊಟ್ಟರೆ ಅವರು ಮಹಡಿ ಅನ್ನದೆ ಇನ್ನೇನು ಅಂತಾರೆ? ಕಾಗದದಲ್ಲಿ ‘ಸಾಮಾನು ಇಡುವ ಅಟ್ಟ’ ಅಂತಲೇ ಇರಲಿ. ಎತ್ತರವನ್ನು ಅಡಿ ಇಂಚಿನಲ್ಲಿ ಹಾಕಿ. ಟೇಪು ಹಿಡಿದು ಒಂದು ಫೋಟೋ ತೆಗೆದು ಲಗತ್ತಿಸಿ. ಮೇಲ್ಮನವಿ ಅಂತ ಮಾತ್ರ ಬರೆಯಬೇಡಿ. ಅದು ಇವರು ಆಗಲ್ಲ ಅಂದಮೇಲೆ ಮೇಲಿನವರಿಗೆ ಹಾಕುವುದು.

ಅಚ್ಚಗನ್ನಡ:
ಅಟ್ಟ, ಅಳತೆ ಎರಡೂ ನಮ್ಮವೇ. ಸಂತೋಷ. ಆದರೆ ತಕರಾರು ಅರಬ್ಬಿ. ‘ಎದುರುಮಾತು’ ಸಾಕು.

ಹಳಗನ್ನಡ ಮೇಷ್ಟ್ರು:
ಸಂಸ್ಕೃತದಲ್ಲೂ ಅಟ್ಟ ಇದೆ, ಅಟ್ಟಾಲಿಕಾ ಇದೆ. ಯಾರು ಯಾರಿಂದ ತಗೊಂಡರು ಅಂತ ಇಷ್ಟು ಸುಲಭವಾಗಿ ತೀರ್ಪು ಕೊಡಬೇಡಿ.

ಅಚ್ಚಗನ್ನಡ:
ಅವರೇ ನಮ್ಮಿಂದ ತಗೊಂಡದ್ದು. ಮುಗೀತು.

ಹುಬ್ಬಳ್ಳಿಯವ:
ಎದುರುಮಾತು ಅಂದರೆ ಮಗ ಅಪ್ಪನಿಗೆ ಆಡುವುದು. ಕಚೇರಿಗೆ ಎದುರುಮಾತು ಕೊಟ್ಟು ಯಾರಾದರೂ ಕೆಲಸ ಮಾಡಿಸಿಕೊಂಡಿದ್ದಾರಾ? ಅರಬ್ಬಿಯಲ್ಲಿ ತಕ್ರಾರ್ ಅಂದರೆ ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುವುದು. ತೆರಿಗೆ ಕಚೇರಿಗೆ ಇದಕ್ಕಿಂತ ಒಪ್ಪುವ ಪದ ಎಲ್ಲಿಂದ ತರುತ್ತೀರಿ? ಅರ್ಜಿ, ಕಚೇರಿ, ಗುಮಾಸ್ತ, ಖಾತೆ, ಜಮೆ, ರಸೀದಿ, ಎಲ್ಲ ಹೊರಗಿನಿಂದ ಬಂದವೇ. ಎಲ್ಲ ತೆಗೆದರೆ ತೆರಿಗೆ ಒಂದೇ ಉಳಿಯುತ್ತದೆ. ಕಟ್ಟುವುದು ಮಾತ್ರ ಅಚ್ಚಗನ್ನಡದಲ್ಲಿ!

ಅಚ್ಚಗನ್ನಡ:
ಈ ಸಡಿಲತನದಿಂದಲೇ ನುಡಿ ಹಾಳಾಗಿದ್ದು. ಇನ್ನು ಈ ಎಳೆಯಲ್ಲಿ ನಾನಿಲ್ಲ.

ಅಕ್ಷರಜೋಡಣೆ:
ಎಲ್ಲರಿಗೂ ಥ್ಯಾಂಕ್ಸ್. ವಿಷಯದ ಸಾಲು ಹೀಗೆ ಹಾಕಿದೆ: ‘ಅಂಗಡಿಯ ಅಳತೆ ತಪ್ಪಾಗಿ ಹಿಡಿದಿರುವ ಬಗ್ಗೆ ತಕರಾರು ಅರ್ಜಿ.’ ಅಟ್ಟದ ಎತ್ತರ ನಾಲ್ಕು ಅಡಿ ಏಳು ಇಂಚು. ಭಾವ ಟೇಪು ಹಿಡಿದು ಕುಕ್ಕರಗಾಲಲ್ಲಿ ಕೂತಿರುವ ಫೋಟೋನೂ ಲಗತ್ತಿಸಿದೆ. ಕೌಂಟರಿನಲ್ಲಿದ್ದವರು ಓದಿ, ನಕ್ಕು, ಸೀಲು ಹಾಕಿದರು. ಅಳತೆಗೆ ಬರುತ್ತಾರಂತೆ.

ಅಚ್ಚಗನ್ನಡ:
‘ವಿಷಯ’ವೂ ಸಂಸ್ಕೃತ.