ಮನೇಲಿ ಮೂಕ, ಹಾಸ್ಟೆಲ್‌ನಲ್ಲಿ ಮಾತಿನಮಲ್ಲ: ಯಾವುದು ನಿಜ?

ಪ್ರಶ್ನೆ (ಬೇಲೂರಿನ ತಾಯಿ):
ನಮಸ್ತೆ ಮೇಡಂ. ಮಗ ಹಾಸನದಲ್ಲಿ ಹಾಸ್ಟೆಲ್‌ನಲ್ಲಿದ್ದು ಸೆಕೆಂಡ್ ಪಿಯುಸಿ ಓದ್ತಿದಾನೆ. ಮೊಬೈಲಲ್ಲಿ ಯಾವುದೋ ಪರ್ಸನಾಲಿಟಿ ಟೆಸ್ಟ್ ಮಾಡ್ಕೊಂಡ, ನಾಲ್ಕು ಇಂಗ್ಲಿಷ್ ಅಕ್ಷರ ಬಂತು. ಅವತ್ತಿಂದ "ನಾನು ಇಂಟ್ರೋವರ್ಟು, ನನ್ನ ಟೈಪೇ ಹಿಂಗೆ" ಅಂತ ನೆಂಟರ ಮನೆಗೆ ಬರಲ್ಲ, ರಜೆಗೆ ಬಂದ್ರೂ ರೂಮು ಬಿಟ್ಟು ಆಚೆ ಬರಲ್ಲ. ವಾರ್ಡನ್ ಕೇಳಿದ್ರೆ "ಅರಳು ಹುರಿದಂಗೆ ಮಾತಾಡ್ತಾನಲ್ಲಮ್ಮ" ಅಂತಾರೆ. ಯಾವುದು ನಿಜ?

ಉತ್ತರ (ಮನಃಶಾಸ್ತ್ರ ಉಪನ್ಯಾಸಕಿ, ಹಾಸನ):
ಎರಡೂ ನಿಜ ಅಮ್ಮ. ಒಬ್ಬನೇ ಮನುಷ್ಯ ಜಾಗ ಬದಲಾದಾಗ ಎಷ್ಟೊಂದು ಬೇರೆಯಾಗಿ ನಡೆದುಕೊಳ್ಳುತ್ತಾನೆ ಅಂತ 1968ರಲ್ಲಿ ಮನಃಶಾಸ್ತ್ರಜ್ಞ ವಾಲ್ಟರ್ ಮಿಶೆಲ್ ಎತ್ತಿ ತೋರಿಸಿದಾಗ, ವ್ಯಕ್ತಿತ್ವದ ಬಗ್ಗೆ ಕೆಲಸ ಮಾಡುತ್ತಿದ್ದವರ ನಡುವೆ ವರ್ಷಗಟ್ಟಲೆ ಜಗಳ ನಡೆಯಿತು. ಕೊನೆಗೆ ಹೆಚ್ಚಿನವರು ಒಪ್ಪಿದ್ದು ಇಷ್ಟು: ಒಂದು ದಿನದ ನಡತೆ ನೋಡಿ ಸ್ವಭಾವ ಹೇಳಲಾಗದು, ಹಲವು ದಿನ, ಹಲವು ಜಾಗದ ಸರಾಸರಿ ತೆಗೆದರೆ ಸ್ವಭಾವ ಕಾಣುತ್ತದೆ.

ಆ ನಾಲ್ಕಕ್ಷರದ ಟೆಸ್ಟುಗಳ ಮೇಲೆ ನನಗೆ ಗೌರವ ಕಡಿಮೆ. ಬಹಳಷ್ಟು ಜನ ನಡುವೆ ಎಲ್ಲೋ ಇರುತ್ತಾರೆ, ಒಂದೊಂದು ಅಕ್ಷರಕ್ಕೂ ಅವರನ್ನು ಎರಡೇ ಡಬ್ಬಿಗೆ ಹಾಕುವುದು ಎತ್ತರ ಅಳೆದು "ಕುಳ್ಳ", "ಉದ್ದ" ಅಂತ ಮಾತ್ರ ಬರೆದಿಟ್ಟ ಹಾಗೆ. ಕೆಲವು ವಾರ ಬಿಟ್ಟು ಮತ್ತೆ ಮಾಡಿದರೆ ಎಷ್ಟೋ ಜನರಿಗೆ ಅಕ್ಷರವೇ ಬದಲಾಗುತ್ತದೆ. ಸಂಶೋಧಕರು ಈಗ ಹೆಚ್ಚಾಗಿ ಅಳೆಯುವುದು ಐದು ಗುಣಗಳನ್ನು, ಬಹಿರ್ಮುಖತೆ, ಅಂದರೆ ಜನರ ಜೊತೆ ಬೆರೆಯುವ ಗುಣ, ಅವುಗಳಲ್ಲಿ ಒಂದು.

ಇನ್ನೊಂದು ವಿಷಯ. ಅಂತರ್ಮುಖಿಗೆ, ಅಂದರೆ ನಿಮ್ಮ ಮಗ ಹೇಳುವ ಇಂಟ್ರೋವರ್ಟಿಗೆ, ಜನರ ಗದ್ದಲ ಅಷ್ಟಾಗಿ ಬೇಕಿರುವುದಿಲ್ಲ. ಸಂಕೋಚದವನಿಗೆ ಜನ ಬೇಕು, ಆದರೆ ಏನಂದುಕೊಳ್ಳುತ್ತಾರೋ ಅಂತ ಭಯ. ಗೆಳೆಯರ ಜೊತೆ ಹರಟುವವನು ನೆಂಟರ ಮುಂದೆ ಬಾಯಿ ಬಿಡದಿದ್ದರೆ, ನೆಂಟರು ಏನು ಕೇಳುತ್ತಾರೆ ಅಂತ ಒಮ್ಮೆ ಗಮನಿಸಿ. ಪಿಯುಸಿ ಹುಡುಗರಿಗೆ ಎಲ್ಲರದೂ ಒಂದೇ ಪ್ರಶ್ನೆ ತಾನೆ? ಗೆಳೆಯರನ್ನೂ ಬಿಟ್ಟು, ಊಟ ನಿದ್ದೆಯೂ ಕೆಟ್ಟರೆ ಮಾತ್ರ ತಡಮಾಡಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ (ಸಕಲೇಶಪುರದ ಬೆಳೆಗಾರರು):
ಮೇಡಂ, ನಮ್ಮ ತೋಟದ ಹೊಸ ರೈಟರ್ (ಲೆಕ್ಕ ಬರೆಯೋನು) ಕೆಲಸ ಬಿಟ್ಟು ಬೇರೆ ಒಂದು ಮಾತಾಡಲ್ಲ. ಆಳುಗಳು "ಧಿಮಾಕು" ಅಂತಾರೆ. ಇದೂ ಹಂಗೇನಾ?

ಉತ್ತರ:
ಇರಬಹುದು ಸರ್. ಬೇರೆಯವರ ನಡತೆಗೆ ಪರಿಸ್ಥಿತಿ ಬಿಟ್ಟು ಗುಣವನ್ನೇ ಕಾರಣ ಮಾಡುವ ಚಾಳಿಗೆ ಮನಃಶಾಸ್ತ್ರಜ್ಞ ಲೀ ರಾಸ್ 1977ರಲ್ಲಿ "ಮೂಲಭೂತ ಆರೋಪಣ ದೋಷ" ಅಂತ ಹೆಸರಿಟ್ಟರು. ಅದಕ್ಕೂ ಹತ್ತು ವರ್ಷ ಹಿಂದೆ ಜೋನ್ಸ್ ಮತ್ತು ಹ್ಯಾರಿಸ್ ಎಂಬ ಸಂಶೋಧಕರು, ಕ್ಯೂಬಾದ ನಾಯಕ ಕ್ಯಾಸ್ಟ್ರೋ ಪರ ಅಥವಾ ವಿರೋಧವಾಗಿ ಬರೆದ ಪ್ರಬಂಧಗಳನ್ನು ವಿದ್ಯಾರ್ಥಿಗಳಿಗೆ ಕೊಟ್ಟಿದ್ದರು. ಯಾವ ಪಕ್ಷ ಬರೆಯಬೇಕೆಂದು ಬೇರೆಯವರೇ ಹೇಳಿದ್ದು ಅಂತ ತಿಳಿಸಿದಾಗಲೂ, ಪರ ಬರೆದವನು ಕ್ಯಾಸ್ಟ್ರೋ ಕಡೆಯವನೇ ಅಂತ ಓದಿದವರು ಅಂದಾಜಿಸಿದರು.

ನಮ್ಮ ಕಡೆಯ ವಿಷಯವೂ ಇದರಲ್ಲಿದೆ. ಸಂಶೋಧಕಿ ಜೋನ್ ಮಿಲ್ಲರ್ 1984ರಲ್ಲಿ ಷಿಕಾಗೋದವರನ್ನೂ ಮೈಸೂರಿನವರನ್ನೂ ಹೋಲಿಸಿದರು. ಅಲ್ಲಿನ ದೊಡ್ಡವರು "ಅವನ ಗುಣ" ಅಂದಷ್ಟು ಮೈಸೂರಿನ ದೊಡ್ಡವರು ಅನ್ನಲಿಲ್ಲ, ಸಂದರ್ಭವನ್ನು ಹೆಚ್ಚು ಹೇಳಿದರು. ಎಂಟು ವರ್ಷದ ಮಕ್ಕಳಲ್ಲಿ ಅಂಥ ವ್ಯತ್ಯಾಸ ಇರಲಿಲ್ಲ, ಅಂದರೆ ಬೆಳೆಯುತ್ತಾ ಕಲಿತದ್ದು. ಹಾಗಂತ ನಮಗೆ ಈ ಚಾಳಿ ಇಲ್ಲ ಅಂತಲ್ಲ, ನಿಮ್ಮ ಆಳುಗಳೇ ಸಾಕ್ಷಿ!

ಕುಯ್ಲಿನ ಸಮಯದಲ್ಲಿ ಕಾಫಿ ಹಣ್ಣು ತೂಗಿ ಲೆಕ್ಕ ಬರೆಯುವವನು ಸಲಿಗೆಯಿಂದಿದ್ದರೆ ತೂಕದ ಜಗಳ ತಪ್ಪಿದ್ದಲ್ಲ. ಕುಯ್ಲಿಲ್ಲದ ಮಳೆಗಾಲದಲ್ಲೂ ಹಾಗೇ ಇದ್ದರೆ ಆಗ ಧಿಮಾಕಿನ ಮಾತಾಡೋಣ.

ಬೇಲೂರಿನ ತಾಯಿ:
ಮೇಡಂ, ನಾಡಿದ್ದು ಅರೇಹಳ್ಳೀಲಿ ಅಕ್ಕನ ಮಗಳ ಮದುವೆ. ಇವನ್ನ ಕರ್ಕೊಂಡು ಹೋಗ್ಲಾ?

ಉತ್ತರ:
ಹೋಗಿ ಅಮ್ಮ. ಬಡಿಸೋ ಕೆಲಸ ಕೊಡಿಸಿ. ಪರ್ಸೆಂಟೇಜ್ ಕೇಳೋ ದೊಡ್ಡಪ್ಪಂದಿರ ಪಕ್ಕ ಮಾತ್ರ ಕೂರಿಸಬೇಡಿ.